ಬೇರೆ ಹೊಲದ ಮಣ್ಣು

ಅನಗವಾಡಿಯ ತಾಯವ್ವ ತನ್ನ ಮೂರೆಕರೆ ಕಬ್ಬಿನ ಹೊಲಕ್ಕೆ ಹನ್ನೊಂದು ವರ್ಷ ಬೆಂಕಿ ಸೋಕಿಸಿರಲಿಲ್ಲ. ಕಬ್ಬು ಕಡಿದ ಮೇಲೆ ಉಳಿಯುವ ಒಣಗರಿಯನ್ನು, ಅಂದರೆ ರವದಿಯನ್ನು, ಸುತ್ತಲಿನವರು ಒಂದು ಕಡ್ಡಿ ಗೀರಿ ಮುಗಿಸಿಬಿಡುತ್ತಿದ್ದರು. ತಾಯವ್ವ ಅದನ್ನು ಸಾಲುಗಳ ನಡುವೆ ಹಾಸಿ, ಸಗಣಿ ನೀರು ಚಿಮುಕಿಸಿ ಕೊಳೆಯಲು ಬಿಡುತ್ತಿದ್ದಳು. ನೀರೂ ಅಷ್ಟೆ, ಒಂದು ಸಾಲು ಬಿಟ್ಟು ಒಂದು ಸಾಲಿಗೆ. ಗಂಡ ತೀರಿಕೊಂಡ ವರ್ಷ ಎಕರೆಗೆ ಮೂವತ್ತು ಟನ್ನಿಗೆ ಇಳಿದಿದ್ದ ಹೊಲ ಅವಳ ಕೈಯಲ್ಲಿ ಐವತ್ತೆಂಟಕ್ಕೆ ಬಂದಿತ್ತು.

ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಾಗ ಅವಳಿಗೆ ಐವತ್ತಾರು. ಬಾಗಲಕೋಟೆಯಲ್ಲಿ ರಾಡ್ ಹಾಕಿದ ಡಾಕ್ಟರು ಹಸಿ ಹೊಲಕ್ಕೆ ಇಳಿಯಬೇಡ ಎಂದರು. ಮಕ್ಕಳಿಲ್ಲ. ಇದ್ದವನೊಬ್ಬ ತಮ್ಮ, ಪರಮಾನಂದ. ಅವ್ವ ಸತ್ತಾಗ ಆರು ವರ್ಷದವನಾಗಿದ್ದ ಅವನನ್ನು ಗಂಡನ ಮನೆಗೇ ಕರೆತಂದು ಸಾಕಿದ್ದಳು. ಈಗ ಬಾಡಗಂಡಿಯಲ್ಲಿ ಸಂಸಾರ ಹೂಡಿದ್ದ ಅವನಿಗೇ ಹೊಲವನ್ನು ಮೂರು ವರ್ಷದ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಳು.

“ರವದಿ ಸುಡಬ್ಯಾಡ, ನೀರು ನಿಲ್ಲಸಬ್ಯಾಡ. ಇವೆರಡ ಮಾತ ನಡಸಿಕೊಡು ಪರಮ್ಯಾ, ಮತ್ತೇನೂ ಕೇಳಂಗಿಲ್ಲ.”

“ನನಗ ಹೇಳಬೇಕೇನ ಯಕ್ಕಾ? ವರ್ಷಾ ಮಣ್ಣ ಪರೀಕ್ಷಾ ಮಾಡಿಸಿ ಚೀಟಿ ನಿನ್ನ ಕೈಯಾಗ ಇಡ್ತೀನಿ.”

ಎರಡು ವರ್ಷವೂ ಇಟ್ಟ. ಅಕ್ಷರ ಕೂಡಿಸಿಕೊಂಡು ಓದುವ ತಾಯವ್ವ ‘ಲವಣಾಂಶ: ಸಾಮಾನ್ಯ’ ಎಂಬಲ್ಲಿ ಬೆರಳಿಟ್ಟು ಎರಡೆರಡು ಸಲ ಓದಿದಳು. ಕಬ್ಬು ಮಾತ್ರ ಮೊದಲು ಐವತ್ತು ಟನ್ನಿಗೆ, ಆಮೇಲೆ ನಲವತ್ತೊಂದಕ್ಕೆ ಬಂತು. “ಎಲ್ಲಾರದೂ ಹಂಗ ಆಗೇತಿ, ಹವಾ ಸರಿ ಇಲ್ಲ,” ಎಂದ ಪರಮಾನಂದ. ಹೊಲದ ಕಡೆ ಹೋಗಲಾಗದ ಅವಳು ಚೀಟಿಯಲ್ಲೇ ಇದೆಯಲ್ಲ ಎಂದು ನಂಬಿದಳು. ಲಾವಣಿಯನ್ನು ಇನ್ನೆರಡು ವರ್ಷ ಮುಂದುವರಿಸುವ ಮಾತೂ ಆಗಿತ್ತು.

ಮೂರನೆಯ ಕಬ್ಬು ಕಡಿದ ವಾರ, ಪಕ್ಕದ ಹೊಲದ ಆದಿನಾಥ ಅವಳನ್ನು ಮಾತಾಡಿಸಲು ಮನೆಗೆ ಬಂದ. ಚಹಾ ಕುಡಿಯುತ್ತ ಕೇಳಿದ, “ತಾಯಕ್ಕಾ, ನಮ್ಮ ಹೊಲದ ಮಣ್ಣಿನ ಚೀಟಿ ಏನ ಬಂತ್ರಿ? ಪರಮಾನಂದ ಎರಡ ಸಲ ಮಣ್ಣ ಒಯ್ದಾನ, ಚೀಟಿ ತೋರಿಸೇ ಇಲ್ಲ.”

“ನಿಮ್ಮ ಹೊಲದ್ದ?”

“ಹೌದ್ರಿ. ಅಕ್ಕನ ಹೊಲದ್ದರ ಜೋಡಿ ನಿಮ್ಮದೂ ಮಾಡಸ್ತೀನಿ ಅಂದ. ನಿಮ್ಮನ್ನ ನೋಡೇ ನಾನೂ ರವದಿ ಸುಡೂದ ಬಿಟ್ಟೀನಲ್ರಿ, ಅದಕ್ಕ ಕೇಳಿದೆ.”

ತಾಯವ್ವ ಬಟ್ಟಲು ಕೆಳಗಿಟ್ಟಳು. ಕೋಲು ಹಿಡಿದು ಎದ್ದವಳು ಅವನ ಬೈಕಿನ ಹಿಂದೆ ಕೂತು ಹೊಲಕ್ಕೆ ಹೋದಳು.

ಹೊಲ ಕರಿಬೂದಿಯಾಗಿತ್ತು. ತಗ್ಗಿನ ಕಡೆ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಉಪ್ಪು ಎದ್ದಿತ್ತು. ಆದಿನಾಥ ಸಲಿಕೆ ಹಾಕಿದರೆ ಮಣ್ಣು ಹೆಂಟೆಹೆಂಟೆಯಾಗಿ ಎದ್ದಿತು. ಒಂದು ಎರೆಹುಳವಿಲ್ಲ. “ರವದಿ ಸುಡೂದು ನಿಮಗ ಗೊತ್ತೈತಿ ಅಂತ ತಿಳಿದಿದ್ದೆ ತಾಯಕ್ಕಾ,” ಎಂದ ಅವನು. ಪರಮಾನಂದ ಬಾವಿಯ ಬಳಿ ಪೈಪು ಜೋಡಿಸುತ್ತಿದ್ದ.

“ಈ ಹೊಲ ಯಾರದಲೇ?”

“ನಿಂದ ಯಕ್ಕಾ.”

“ಚೀಟಿ ಯಾರದು?”

ಅವನು ಆದಿನಾಥನನ್ನು ನೋಡಿ ತಲೆ ತಗ್ಗಿಸಿದ. “ರವದಿ ಹಾಸಾಕ ಆಳ ಸಿಗಲಿಲ್ಲ, ಸುಟ್ಟೆ. ಕರೆಂಟ ಬಂದಾಗ ಮೋಟಾರ ಹಚ್ಚಿ ಬಿಡ್ತಿದ್ದೆ, ನೀರ ನಿಂತು ಉಪ್ಪೆದ್ದು ಸವಳ ಹಿಡೀತು. ನೀ ಬೈತಿ ಅಂತ ಹೇಳಲಿಲ್ಲ.”

“ಹೇಳಿದ್ರ ಬೈತಿದ್ದೆ. ಬೈದು ಉಣ್ಣಾಕ ನೀಡತಿದ್ದೆ. ಬ್ಯಾರೇದವರ ಮಣ್ಣಿನ ಚೀಟಿ ತಂದು ಕೊಟ್ಟು, ನಾ ಬೆರಳಿಟ್ಟು ಓದೂದನ್ನ ಎದುರಿಗೆ ಕುಂತು ನೋಡಿದೆಲ್ಲೋ! ಹೆಂಗ ನೋಡಿದಿ?”

ಅವನು ಪೈಪನ್ನು ಅಲ್ಲೇ ಬಿಟ್ಟು ಹೋದ.

ತಾಯವ್ವ ಲಾವಣಿ ಬಿಡಿಸಿಕೊಂಡಳು. ತಾನೇ ಕೂತು ತೋರಿಸಿ ಎಂಟು ಕಡೆ ಮಣ್ಣು ತೆಗೆಸಿ ಪರೀಕ್ಷೆಗೆ ಕಳಿಸಿದಳು. ಈ ಸಲ ಚೀಟಿಯಲ್ಲಿ ಲವಣಾಂಶ ಹೆಚ್ಚು, ಸಾವಯವ ಇಂಗಾಲ ಕಡಿಮೆ ಎಂದಿತ್ತು. ಆದಿನಾಥ ತಗ್ಗಿನ ಅಂಚಿಗೆ ಬಸಿಗಾಲುವೆ ತೋಡಿಸಿಕೊಟ್ಟ. ಆ ವರ್ಷ ಕಬ್ಬು ಬಿಟ್ಟು, ಹೂ ಬರುವಾಗ ಉತ್ತು ಮಣ್ಣಿಗೆ ಸೇರಿಸಲೆಂದು ಸೆಣಬು ಬಿತ್ತಿಸಿದಳು. ಮೇಲಿನ ಎರಡೆಕರೆಯಲ್ಲಿ ಸೊಂಟದೆತ್ತರ ಬಂತು. ತಗ್ಗಿನಲ್ಲಿ ಅಲ್ಲೊಂದು ಇಲ್ಲೊಂದು ಎದ್ದು ಹಳದಿಯಾಯಿತು.

ನಾಗರಪಂಚಮಿಗೆ ಅಕ್ಕನನ್ನು ತನ್ನ ಮನೆಗೆ ಕರೆಯಲು ಪರಮಾನಂದ ಹಬ್ಬದ ಉಂಡಿ ಡಬ್ಬಿ ಹಿಡಿದು ಬಂದ. ತಾಯವ್ವ ಅವನಿಗೆ ಕುಡಿಯಲು ನೀರು ಕೊಟ್ಟಳು.

“ಈ ವರ್ಷ ಬರಾಂಗಿಲ್ಲ ನಾ.”

“ಮುಂದಿನ ವರ್ಷ ಯಕ್ಕಾ?”

“ಗೊತ್ತಿಲ್ಲ.”

ಅವನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದ. ತಾಯವ್ವ ಅದರ ಮುಚ್ಚಳ ತೆಗೆಯಲಿಲ್ಲ. ಸಂಜೆ ಆದಿನಾಥನ ಮನೆಗೆ ಕಳಿಸಿಬಿಟ್ಟಳು.