ಎಮ್ಮೆಗಾಗಿ ಉಟ್ಟ ಸೀರೆ

ಹೆಂಡತಿಯನ್ನು ಮಣ್ಣು ಮಾಡಿದ ಮರುದಿನ ಮುಂಜಾನೆ, ಕೊಳಕೂರಿನ ನಮ್ಮ ಮನೆಯ ಎಮ್ಮೆ ನನ್ನನ್ನು ಒದ್ದಿತು. ಬೋಗುಣಿ ಒಂದು ಕಡೆ, ನಾನೊಂದು ಕಡೆ. ಹಾಲು ಕರೆಯಲು ಅದಕ್ಕೆ ಗೊತ್ತಿದ್ದದ್ದು ಅವಳ ಕೈ ಮಾತ್ರ. ಸೊಸೆ ಕರೆಯಲು ಕೂತರೂ ಅದೇ ಕಥೆ. ಕರು ಬಿಟ್ಟರೂ ಹಾಲು ಇಳಿಸದೆ, ಬಾಗಿಲ ಕಡೆ ನೋಡಿ ಒದರುತ್ತಿತ್ತು.

ಜಿಡಗಾದಿಂದ ಮಣ್ಣಿಗೆ ಬಂದಿದ್ದ ಅಕ್ಕ ಇದನ್ನೆಲ್ಲ ನೋಡಿದಳು. "ಆಕಿ ಸೀರಿ ಸುತಗೊಂಡು ಕೂಡೋ ತಮ್ಮಾ. ಮೂಕ ಪ್ರಾಣಿ, ಅದಕ್ಕೇನ ತಿಳೀತದ?" ಎಂದಳು.

ನಾಚಿಕೆಯಾಯಿತು. ಆದರೆ ಕೆಚ್ಚಲು ಬಿಗಿದು ಕಲ್ಲಾಗಿತ್ತು. ಗೂಟಕ್ಕೆ ತೂಗುಹಾಕಿದ್ದ ಅವಳ ದಿನಬಳಕೆಯ ಸೀರೆಯನ್ನು ಧೋತರದ ಮೇಲೇ ಸುತ್ತಿ, ತಲೆಗೆ ಸೆರಗು ಹೊದ್ದು ಕುಳಿತೆ. ಎಮ್ಮೆ ಸೆರಗನ್ನು ಮೂಸಿತು. ಜೋಳದ ಹಿಟ್ಟು, ವಿಭೂತಿ, ಕೊಬ್ಬರಿ ಎಣ್ಣೆ. ಆ ವಾಸನೆ ನನಗೂ ಗೊತ್ತು. ದೊಡ್ಡದೊಂದು ಉಸಿರು ಬಿಟ್ಟು ಹಾಲು ಇಳಿಸಿತು.

ಓಣಿಯವರಿಗೆ ಹಬ್ಬ. "ಏನ್ ಬೇ ಯಕ್ಕಾ, ಮೀಸಿ ಯಾವಾಗ ಬಂದ್ವು?" ಎಂದು ಪಕ್ಕದ ಮನೆಯ ಗೆಳೆಯ ಗೋಡೆಯಾಚೆಯಿಂದ ಕೇಳುತ್ತಿದ್ದ.

"ಬಾಯಿ ಮುಚ್ಚಲೇ, ಎಮ್ಮಿ ಹಾಲು ಏರಿಸಿಕೊಳ್ತದ" ಎನ್ನುತ್ತಿದ್ದೆ.

ನಿಜ ಹೇಳಬೇಕೆಂದರೆ ಹಾಲು ಕರೆಯುವ ಆ ಹೊತ್ತಿಗಾಗಿ ಕಾಯುತ್ತಿದ್ದೆ. ಮಗ, ಸೊಸೆ, ನೆಂಟರು ಎಲ್ಲರೂ ಅವಳಿಲ್ಲದ ಮನೆಗೆ ಒಗ್ಗಿದ್ದರು. ತೊಗರಿ ರಾಶಿ, ಸಂತೆ, ಮೊಬೈಲು, ಯಾವುದೂ ನಿಲ್ಲಲಿಲ್ಲ. ಅವಳೇ ಬರಬೇಕು ಎಂದು ಹಟ ಹಿಡಿದವರು ನಾವಿಬ್ಬರೇ, ನಾನು ಮತ್ತು ಎಮ್ಮೆ. ಸೆರಗಿನೊಳಗೆ ನಾನೂ ಮೂಸುತ್ತಿದ್ದೆ. ಮೋಸ ಮಾಡುತ್ತಿದ್ದೇನೆಂದು ಒಂದು ದಿನವೂ ಅಳುಕಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಆಗುತ್ತಿತ್ತು: ಎಮ್ಮೆಯ ಮಟ್ಟಿಗೆ ಅವಳು ದಿನಾ ಎರಡು ಹೊತ್ತು ಬರುತ್ತಿದ್ದಳಲ್ಲ!

ಒಂದು ಮಧ್ಯಾಹ್ನ ಹೊಲದಿಂದ ಬಂದಾಗ ಆ ಸೀರೆ ಅಂಗಳದ ಹಗ್ಗದ ಮೇಲಿತ್ತು. "ಮಾವಾರ, ಸಗಣಿ ಮೆತ್ತಿತ್ರಿ, ಒಗದು ಹಾಕೀನ್ರಿ" ಎಂದಳು ಸೊಸೆ. ಅವಳದೇನು ತಪ್ಪು? ಸೀರೆಯನ್ನು ಮೂಗಿಗೆ ಹಿಡಿದೆ. ಬರೀ ಸೋಪಿನ ಪುಡಿಯ ವಾಸನೆ. ಇವತ್ತು ಒದೆ ತಪ್ಪಿದ್ದಲ್ಲ ಎಂದುಕೊಂಡೇ ಸಂಜೆ ಅದನ್ನು ಸುತ್ತಿಕೊಂಡು ಕುಳಿತೆ. ಒದೆಯಲಿ ಎಂದೇ ಮನಸ್ಸಿನಲ್ಲಿತ್ತು.

ಎಮ್ಮೆ ಸೆರಗಿನ ಕಡೆ ಮೂಗು ಕೂಡ ತರಲಿಲ್ಲ. ಜೋಳದ ಕಣಿಕೆಯ ಮೇವು ಮೆಲ್ಲುತ್ತಲೇ ಹಾಲು ಇಳಿಸಿತು. ಸೆರಗು ಜಾರಿಸಿ ನೋಡಿದೆ. ಕಡೆಗೆ ಸೀರೆಯನ್ನೇ ಬಿಚ್ಚಿ ಪಕ್ಕಕ್ಕಿಟ್ಟು, ಧೋತರದಲ್ಲೇ ಕುಳಿತು ಕರೆದೆ. ಬೋಗುಣಿ ತುಂಬಿತು. ಯಾವತ್ತಿನಿಂದ ಅದಕ್ಕೆ ನಾನೇ ಸಾಕಾಗಿದ್ದೆನೋ, ಗೊತ್ತಿಲ್ಲ. ಅಳು ಬಂತು. ಮನೆಯಲ್ಲಿ ಇನ್ನು ಅವಳ ದಾರಿ ಕಾಯುವವನು ನಾನೊಬ್ಬನೇ.