ಎಡವುವುದನ್ನು ಸಹಿಸದ ಋಷಿಕೇಶ

ಮೊಬೈಲ್ ಪರದೆಯ ಮೇಲೆ ಚಿತ್ರಗಳು ಎಡವದೆ ಜಾರುವಂತೆ ಮಾಡುವುದೇ ಋಷಿಕೇಶನ ಉದ್ಯೋಗವಾದ್ದರಿಂದ, ಎಡವುವ ಯಾವುದನ್ನೂ ಅವನು ಸಹಿಸಲಾರ. ಹೊಸೂರು ರಸ್ತೆಯ ಬಸ್ಸಿನಲ್ಲಿ, "ಅಣ್ಣ, ಬ್ರೇಕ್ ನಯವಾಗಿ ಒತ್ರಿ, ಸೀನ್ ಕಟ್ಟಾಗ್ತಿದೆ" ಎಂದು ಡ್ರೈವರನ್ನು ಬೇಡುತ್ತಾನೆ. ಹೆಣ್ಣು ನೋಡಲು ಹೋದಲ್ಲಿ, ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ತಡವರಿಸಿದ ಹುಡುಗಿಗೆ, "ಇನ್ನೊಂದ್ಸಲ ಬನ್ನಿ ಮೇಡಂ" ಎಂದು ಸಂಬಂಧವನ್ನೇ ಕಳೆದುಕೊಂಡ. ಹೆಬ್ಬಗೋಡಿಯಲ್ಲಿ ತಾನು ಬಾಡಿಗೆಗಿದ್ದ ಮನೆಯ ಒಡತಿ ಕೃಷ್ಣಮ್ಮನವರ ಹಳೆಯ ಫೋನಿನಲ್ಲಿ ಫೋಟೊಗಳು ಸಿಕ್ಕಿಕೊಳ್ಳುವುದನ್ನು ಕಂಡು, ತಾನೇ ಬರೆದ ಆ್ಯಪ್ ಹಾಕಿಕೊಟ್ಟ. ಫೋಟೊಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ಸರಿದವು. ಮರುದಿನ ಆಕೆ ಅಳುತ್ತ ಬಂದರು. "ತೀರ್ಕಂಡ ನಮ್ಮ ಯಜಮಾನ್ರು ಮೊದ್ಲು ಫೋಟೊದಲ್ಲಿ ಅರ್ಧಕ್ಕೇ ನಿಂತು, ನನ್ನ ನೋಡ್ಕಂಡು ಓಗೋರು ಕಣಪ್ಪಾ. ಈಗ ಮೊಕ ತಿರುಗಿಸ್ಕಂಡು ಸರ್ರಂತ ಓಯ್ತಾರೆ!" ಋಷಿಕೇಶ ರಜೆ ಹಾಕಿ ಕೂತು, ಆ ಒಂದು ಫೋಟೊ ಮಾತ್ರ ಎಡವುವಂತೆ ಮಾಡಿ, "ನಮ್ಮಾಫೀಸ್ನೋರಿಗೆ ತೋರಿಸ್ಬೇಡಿ ಅಮ್ಮಾ" ಎಂದು ಕೈಮುಗಿದ.