ಸುದ್ದಿಗೊಂದು ತಲೆಬರಹ

ನಮ್ಮ ಅಫಜಲಪುರದ ಕಡೆ ಸುದ್ದಿ ತಂದವರು ನೇರವಾಗಿ ಸುದ್ದಿಗೆ ಬರುವುದಿಲ್ಲ. ಚಹಾ ಕುಡಿದು, ತೊಗರಿಯ ಮಾತಾಡಿ, ನಮ್ಮ ಎಮ್ಮೆಯ ಕ್ಷೇಮವನ್ನೂ ವಿಚಾರಿಸಿ, ಎದ್ದು ಚಪ್ಪಲಿ ಹುಡುಕುವಾಗ ವಿಷಯ ಹೊರಗೆ ಹಾಕುತ್ತಾರೆ. ನನಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಆಳಂದದ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕೂತದ್ದು ಬಹುಶಃ ಅದಕ್ಕೇ ಇರಬೇಕು.

ಗೊಬ್ಬೂರ, ಅತನೂರ, ಕೊಳಕೂರಗಳ ಸುದ್ದಿ ಹಾಕಲು ಪುಟ್ಟದೊಂದು ಜಾಲತಾಣ ಮಾಡಿದ್ದೇನೆ. ಪೈಥಾನಿನಲ್ಲಿ ಫೀಡ್ ಎಂಬ ಸುದ್ದಿಪಟ್ಟಿ ತಯಾರಿಸಿಕೊಡುವ ಸಿದ್ಧ ಕೋಡಿನ ಲೈಬ್ರರಿಯೊಂದಿದೆ. ತಲೆಬರಹ, ಕೊಂಡಿ, ವೇಳೆ ಇಷ್ಟು ಕೊಟ್ಟರೆ ಹೊಸ ಸುದ್ದಿಗಳನ್ನೆಲ್ಲ ಪೋಣಿಸಿ ಇಡುತ್ತದೆ. ಚಂದಾದಾರರ ಮೊಬೈಲುಗಳು ತಾವಾಗಿಯೇ ಅದನ್ನು ತರಿಸಿಕೊಂಡು ಟಣ್ ಎನ್ನುತ್ತವೆ. ತಲೆಬರಹ ಕೊಡದಿದ್ದರೆ ಮಾತ್ರ ಅದು ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಎಮ್ಮೆಯ ಗೊಡವೆ ಅದಕ್ಕೆ ಬೇಡ. ಕೊನೆಗೂ ನನ್ನ ಸ್ವಭಾವದವರೊಬ್ಬರು ಸಿಕ್ಕರೆಂದು ಹಿಗ್ಗಿದೆ.

ಕಳೆದ ತಿಂಗಳು ಅತನೂರಿನ ನಮ್ಮ ಕಾಕಾ ಶರಣಪ್ಪ ತೀರಿಕೊಂಡರು. ಮಗಳು ಶಿವಲೀಲಾ ಇರುವುದು ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ. ತಂದೆಯ ಸಾವನ್ನು ಮಗಳಿಗೆ ನಮ್ಮಲ್ಲಿ ಹಾಗೆಂದು ಹೇಳುವುದಿಲ್ಲ. ‘ಅಪ್ಪಗ ಜರಾ ಆರಾಮಿಲ್ಲ’ ಎಂದು ಕರೆತರುತ್ತಾರೆ, ಮಿಕ್ಕದ್ದನ್ನು ಅಂಗಳದ ಜನವೇ ಹೇಳುತ್ತದೆ. ಅವಳ ತಮ್ಮ ಮಲ್ಲಪ್ಪ ಬಾಡಿಗೆ ಜೀಪು ತೆಗೆದುಕೊಂಡು ಹೋದ. ಅವನಿನ್ನೂ ದಾರಿಯಲ್ಲಿರುವಾಗಲೇ ನಾನು, ದುಃಖದಲ್ಲೂ ಕರ್ತವ್ಯ ಮರೆಯದ ಮನುಷ್ಯ, ‘ಅತನೂರಿನ ಶರಣಪ್ಪ ಲಿಂಗೈಕ್ಯ’ ಎಂದು ತಲೆಬರಹ ಕೊಟ್ಟು ಫೀಡ್ ಮಾಡುವ ಸ್ಕ್ರಿಪ್ಟ್ ಓಡಿಸಿದೆ. ಆಮೇಲೆ ನೆನಪಾಯಿತು, ನನ್ನ ಮೊದಲ ಚಂದಾದಾರಳೇ ಶಿವಲೀಲಾ. ಅವಳ ಮೊಬೈಲಿಗೆ ಫೀಡನ್ನು ಜೋಡಿಸಿಕೊಟ್ಟವನು ನಾನೇ.

ತಕ್ಷಣ ಸುದ್ದಿ ಅಳಿಸಿ ಫೀಡನ್ನು ಹೊಸದಾಗಿ ಮಾಡಿದೆ. ಆದರೆ ಒಮ್ಮೆ ತರಿಸಿಕೊಂಡದ್ದನ್ನು ಮೊಬೈಲು ವಾಪಸು ಕೊಡುವುದಿಲ್ಲ. ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಅದನ್ನು ಓದುತ್ತಿರುವ ತಂಗಿಯ ಮುಖವೇ ಕಣ್ಣೆದುರು ಬರುತ್ತಿತ್ತು.

ಮಧ್ಯಾಹ್ನ ಕಾಕಾನ ಮನೆಯಂಗಳಕ್ಕೆ ಜೀಪು ಬಂತು. ಶಿವಲೀಲಾ ಇಳಿದಳು, ಕಣ್ಣಲ್ಲಿ ನೀರಿಲ್ಲ. ಮಲ್ಲಪ್ಪ ಬಾಡಿಗೆಯವನ ಜೊತೆ ಮಾತಾಡುತ್ತಿದ್ದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಓದೇನಿ ಅಣ್ಣಾ, ಗಾಡಿ ಹತ್ತೂ ಮೊದಲೇ ಓದೇನಿ. ಮಲ್ಲಪ್ಪಗ ಮಾತ್ರ ಹೇಳಬ್ಯಾಡ. ‘ಅಪ್ಪ ಗಂಜಿ ಕುಡದಾನ, ಮಾತಾಡಾಕತ್ತಾನ’ ಅಂತ ದಾರಿತುಂಬ ಹೇಳಕೋತ ಬಂದಾನ ಪಾಪ. ನಾನೂ ಹೌದೌದು ಅಂದೇನಿ.”

ಆಮೇಲೆ ಒಳಗೆ ಹೋಗಿ, ಆಗಷ್ಟೇ ತಿಳಿದವಳಂತೆ ಕೂಗಿ ಅತ್ತಳು. ಕೊಳಕೂರಿನಿಂದ ತಡೆದುಕೊಂಡು ಬಂದ ಅಳು ಅದು. ಹೊರಗೆ ನಿಂತಿದ್ದ ನನಗೂ ತಡೆಯಲಾಗಲಿಲ್ಲ.

ಫೀಡನ್ನು ಈಗಲೂ ನಡೆಸುತ್ತೇನೆ. ಸಾವಿನ ಸುದ್ದಿಯಾದರೆ ಸ್ಕ್ರಿಪ್ಟ್ ನಿಂತು ಪ್ರಶ್ನೆ ಕೇಳುವಂತೆ ಒಂದು ಸಾಲು ಸೇರಿಸಿದ್ದೇನೆ: ‘ಮಗಳು ಮನಿ ಮುಟ್ಟಿದಳೇನ್ರಿ?’ ಹೌದೆಂದು ಒತ್ತುವವರೆಗೆ ಅದು ಸುಮ್ಮನೆ ಕಾಯುತ್ತದೆ. ನಾನೂ ಅಷ್ಟರಲ್ಲಿ ಚಹಾಕ್ಕೆ ನೀರಿಡುತ್ತೇನೆ.